ವಹಿಯಲ್ಲಿ ಜಾಗವಿಲ್ಲದ ಹದಿನೈದು ದಿನ

ಬಣ್ಣ ಹಚ್ಚಲು ಬಂದವರು ಅಟ್ಟದ ಸಾಮಾನು ಇಳಿಸುತ್ತಿದ್ದರು. ಹಳೆಯ ಟ್ರಂಕು, ತೊಟ್ಟಿಲಿನ ಒಂದು ಕಾಲು, ಆಮೇಲೆ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಭಾರದ ಗಂಟು. ಬಿಚ್ಚಿದರೆ ತೂಕದ ಮಷೀನು. ಮೇಲೆ ನಿಂತರೆ ಮುಳ್ಳು ತಿರುಗುವ ಹಳೆಯ ನಮೂನೆಯದು. ಗಾಜು ಅಡ್ಡಕ್ಕೆ ಸೀಳಿತ್ತು. ಒರೆಸಲೆಂದು ಮಗುಚಿದಾಗ ಕಾಲಿಡುವ ರಬ್ಬರಿನ ಗೆರೆಗಳಿಂದ ಚೂರು ಕೆಂಪು ಮಣ್ಣು ಉದುರಿತು. ಬೆರಳಿಗೆ ಹತ್ತಿಸಿಕೊಂಡು ಮೂಸಿದೆ. ಎಣ್ಣೆ, ಅರಿಶಿನ, ಹುಳಿ ಮಜ್ಜಿಗೆ… ಗರಡಿ ಮನೆಯ ಮಣ್ಣಿನ ವಾಸನೆ ಇಷ್ಟು ವರ್ಷವಾದರೂ ಪೂರಾ ಹೋಗಿರಲಿಲ್ಲ. ಅದರ ಹಿಂದೆಯೇ ಪಕ್ಕದ ಮನೆಯ ಕಾಕು ನೆನಪಿಗೆ ಬಂದರು. ಹುಬ್ಬಿನಿಂದ ಇಳಿಯುವ ರಕ್ತವನ್ನು ಒರೆಸಿಕೊಳ್ಳದೆ ನಿಂತ ಕಾಕು.

ನಾನು ಧಾರವಾಡದಲ್ಲಿ ಕಾನ್ವೆಂಟಿನಲ್ಲಿ ಓದಿದವಳು. ಬಾಗಿಲನ್ನು ಜೋರಾಗಿ ಹಾಕಿದರೆ ಸಿಸ್ಟರು ವಾಪಸು ಕರೆದು, ಮತ್ತೊಮ್ಮೆ ಮೆಲ್ಲಗೆ ಹಾಕಿಸುತ್ತಿದ್ದರು. ಅಂಥಲ್ಲಿಂದ ಮದುವೆಯಾಗಿ ಕಮರಿಪೇಟೆಯ ಈ ಮನೆಗೆ ಬಂದ ಮೊದಲ ವಾರವೇ ಪಕ್ಕದ ಗೋಡೆಗೆ ಹಿತ್ತಾಳೆಯ ಕೊಡ ಬಡಿದ ಸದ್ದು ಕೇಳಿದೆ. ಕೈತಪ್ಪಿ ಬಿದ್ದ ಕೊಡದ ಸದ್ದು ಬೇರೆ, ಎಸೆದ ಕೊಡದ ಸದ್ದು ಬೇರೆ. ಕೆಲವೇ ತಿಂಗಳಲ್ಲಿ ಅದು ಗೋಡೆಗೆ ತಾಗಿತೋ ಮನುಷ್ಯರಿಗೆ ತಾಗಿತೋ ಎಂಬುದೂ ತಿಳಿಯತೊಡಗಿತು. ಮನುಷ್ಯರಿಗೆ ತಾಗಿದ ಕೊಡ ಮೊಳಗುವುದಿಲ್ಲ.

ಪಕ್ಕದ ಮನೆ ಉಸ್ತಾದರದು. ಒಂದು ಕಾಲದ ಹೆಸರಾಂತ ಪೈಲ್ವಾನರು. ಆಮೇಲೆ ಓಣಿಯ ಕೊನೆಗಿರುವ ಗರಡಿಯಲ್ಲಿ ಕುಸ್ತಿ ಕಲಿಸುತ್ತಿದ್ದರು. ಅವರ ಹೆಂಡತಿಯನ್ನು ಓಣಿಗೆ ಓಣಿಯೇ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿತ್ತು. ಗಿಡ್ಡನೆಯ, ಸಣ್ಣ ಮೂಳೆಯ ಹೆಂಗಸು. ಮಕ್ಕಳಿರಲಿಲ್ಲ. ಒಂದು ಬಸಿರು ಐದು ತಿಂಗಳಿಗೆ ಹೋಯಿತಂತೆ. ಹೇಗೆ ಹೋಯಿತೆಂದು ನಾನು ಕೇಳಲಿಲ್ಲ…

ಗೋಡೆಯಾಚೆ ಸದ್ದು ಶುರುವಾದರೆ ನಮ್ಮ ಅತ್ತೆಯವರು ರೇಡಿಯೋ ದನಿ ಏರಿಸುತ್ತಿದ್ದರು. "ಅವರ ಕೈ ಸ್ವಲ್ಪ ಬಿರುಸವಾ. ಪೈಲ್ವಾನರ ಕೈ ಅಲ್ಲೇನು," ಎನ್ನುತ್ತಿದ್ದರು. ಬೈಗುಳವೋ ಹೊಗಳಿಕೆಯೋ ಗೊತ್ತಾಗದ ಹಾಗೆ. ಓಣಿಯ ಎಲ್ಲರ ಬಾಯಲ್ಲೂ ಅದೇ ಮಾತು, ಅದೇ ದನಿ. ಮರುದಿನ ಕಾಕು ನಳದ ಹತ್ತಿರ ಸಿಕ್ಕಾಗ ಸೆರಗು ಕಿವಿಯವರೆಗೆ ಬಂದಿರುತ್ತಿತ್ತು. ನಾನು ಕಣ್ಣು ತಪ್ಪಿಸಿದರೆ ಅವರೇ ನಗುತ್ತಿದ್ದರು.

"ಗರಡ್ಯಾಗ ಒಬ್ಬರನ್ನ ಕೆಡವಿದ್ರ ಹಲಗಿ ಬಾರಿಸ್ತಾರ. ಮನ್ಯಾಗ ಕೆಡವಿದ್ರ ಬಾರಿಸೋರ ಇಲ್ಲ ನೋಡವ್ವಾ," ಎಂದಿದ್ದರು ಒಮ್ಮೆ.

ಉಸ್ತಾದರ ಕಾಯಿಲೆ ನನಗೆ ಮೊದಲು ಕಂಡದ್ದು ಅವರ ಚಪ್ಪಲಿಯಲ್ಲಿ. ಬಾಗಿಲ ಮುಂದೆ ಸದಾ ಇರುತ್ತಿದ್ದ ಆ ದಪ್ಪ ಚಪ್ಪಲಿಯ ಪಟ್ಟಿಯನ್ನು ಯಾರೋ ಚಾಕುವಿನಿಂದ ಕೊಯ್ದಿದ್ದರು. ಸಂಜೆಯಾದರೆ ಊದಿದ ಕಾಲು ಒಳಗೆ ಹೋಗುತ್ತಿರಲಿಲ್ಲವಂತೆ. ಆಮೇಲೆ ಗರಡಿಯ ಮೂರು ಮೆಟ್ಟಿಲು ಹತ್ತುವಾಗ ಎರಡನೆಯದರಲ್ಲಿ ನಿಲ್ಲತೊಡಗಿದರು, ಮೀಸೆ ತಿರುವುವ ನೆಪದಲ್ಲಿ. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕೂತೇ ಕಣ್ಣು ಮುಚ್ಚುತ್ತಿದ್ದರು. ಕೊನೆಗೊಂದು ಮುಂಜಾನೆ ಶಿಷ್ಯರು, ಅವರೂ ಹೆಂಡಿರು ಮಕ್ಕಳಿರುವ ಗಂಡಸರು, ಕುರ್ಚಿಸಮೇತ ಎತ್ತಿಕೊಂಡು ದವಾಖಾನೆಗೆ ಒಯ್ದರು.

ಒಂಬತ್ತು ದಿನದ ಮೇಲೆ ಮನೆಗೆ ಬಂದರು. ಕಾಕು ಡಿಸ್ಚಾರ್ಜ್ ಕಾಗದ ಹಿಡಿದು ನಮ್ಮ ಅಡುಗೆ ಮನೆಯ ಬಾಗಿಲಿಗೆ ಬಂದು ನಿಂತರು. ಓಣಿಯ ಇಂಗ್ಲಿಷ್ ಕಾಗದಗಳೆಲ್ಲ ನನ್ನ ಹತ್ತಿರವೇ ಬರುತ್ತಿದ್ದವು. ಇಬ್ಬರೂ ಉಸ್ತಾದರ ಮಂಚದ ಹತ್ತಿರ ಹೋಗಿ ಕೂತೆವು. ಹಾರ್ಟ್ ಫೇಲ್ಯೂರ್ ಎಂದು ಬರೆದಿತ್ತು. ನಾನು ಹಾಗೆಯೇ ಓದಿಬಿಟ್ಟೆ.

"ಫೇಲ್ ಅಂತ ಬರದಾನೇನು?" ಎಂದು ಉಸ್ತಾದರು ಎದ್ದು ಕೂತರು. "ಒಮ್ಮೆಯೂ ಬೆನ್ನು ಮಣ್ಣಿಗೆ ಹಚ್ಚಿಲ್ಲ ನಾ. ನನ್ನ ಫೇಲ್ ಮಾಡೋ ಮಗ ಯಾವನವಾ?"

ಕಾಗದ ಕಸಿದು ಎರಡು ಹೋಳು ಮಾಡಿದರು. ಅದನ್ನು ನಮ್ಮ ಮನೆಗೆ ಒಯ್ದು ಅಂಟು ಪಟ್ಟಿ ಹಚ್ಚಿ, ಕಾಕುಗೆ ಮೂರು ಸಲ ಓದಿ ಹೇಳಿದೆ.

"ಹೃದಯ ನಿಂತಿಲ್ಲರಿ ಕಾಕು, ದಣದೈತಿ. ಬಾವಿ ಪಂಪಿನ ಜೋರು ಕಡಿಮಿ ಆದ್ರ ನೀರು ಹಿಂದ ನಿಲ್ತೈತಲ್ಲ, ಹಂಗ ಇವರ ಮೈಯಾಗ ನೀರು ನಿಲ್ಲಾಕತ್ತೈತಿ. ಕಾಲಾಗ, ಹೊಟ್ಟ್ಯಾಗ, ಎದ್ಯಾಗ. ಉಪ್ಪು ತಿಂದ್ರ ಆ ನೀರು ಇನ್ನಷ್ಟು ನಿಲ್ತೈತಿ."

ಉಪ್ಪಿನಕಾಯಿ, ಹಪ್ಪಳ, ರಂಜಕ ಬಂದ್. ಪಲ್ಯಕ್ಕೆ ಉಪ್ಪಿಲ್ಲ. ಚಹಾ, ಮಜ್ಜಿಗೆ, ಸಾರು ಎಲ್ಲ ಸೇರಿ ದಿನಕ್ಕೆ ಒಂದೂವರೆ ಲೀಟರು ಮೀರಬಾರದು. ಮುಂಜಾನೆ ಮೈಯ ನೀರು ಇಳಿಸುವ ಗುಳಿಗೆ ತಪ್ಪಬಾರದು. ಮತ್ತೆ ಪ್ರತಿದಿನ ಎದ್ದು, ಬಚ್ಚಲಿಗೆ ಹೋಗಿ ಬಂದು, ಚಹಾ ಕುಡಿಯುವ ಮೊದಲು ತೂಕ. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಮಾಂಸವಲ್ಲ, ನೀರು. ತಕ್ಷಣ ಡಾಕ್ಟರಿಗೆ ಹೇಳಬೇಕು. ಕಾಕುಗೆ ಅಂಕಿ ಓದಲು ಬರುತ್ತಿರಲಿಲ್ಲ. ಹೀಗಾಗಿ ನಮ್ಮ ಮನೆಯವರು ಧಾರವಾಡದ ಹತ್ತಿರದ ಬೇಲೂರಿನ ಕಾರ್ಖಾನೆಗೆ ಹೊರಟ ಮೇಲೆ ನಾನೇ ಒಂದು ವಹಿ ಹಿಡಿದು ಹೋಗುವುದೆಂದಾಯಿತು. ತಾರೀಖಿಗೊಂದು ಖಾನೆ, ತೂಕಕ್ಕೊಂದು, ಗುಳಿಗೆಗೊಂದು, ನೀರಿಗೊಂದು. ಸ್ಕೇಲು ಇಟ್ಟು ಗೆರೆ ಎಳೆದಿದ್ದೆ. ಚಂದ ಕಾಣುತ್ತಿತ್ತು.

ಶಿಷ್ಯರು ತಂದುಕೊಟ್ಟ ಮಷೀನಿನ ಮೇಲೆ ಉಸ್ತಾದರು ಕುಸ್ತಿಗೆ ಮೊದಲು ನಿಲ್ಲುವ ಹಾಗೆ ಎದೆ ಸೆಟೆಸಿ ನಿಲ್ಲುತ್ತಿದ್ದರು. ದವಾಖಾನೆಗೆ ಹೋದಾಗ ತೊಂಬತ್ತೇಳು ಇದ್ದದ್ದು ಇಳಿಯುತ್ತ ಇಳಿಯುತ್ತ ಎಂಬತ್ತಾರಕ್ಕೆ ಬಂತು. ಕಾಲಿನ ಬಾವು ಹೋಯಿತು, ಉಸಿರು ಸಲೀಸಾಯಿತು. ಆದರೆ ಹಾಲು, ಬದಾಮಿ, ತುಪ್ಪ ತಿಂದು ತಿಂದು ತೂಕ ಕಟ್ಟಿದ ಮನುಷ್ಯ. ಇಳಿದದ್ದು ನೀರು ಎಂದರೆ ನಂಬಲು ತಯಾರಿರಲಿಲ್ಲ.

"ಇಬ್ಬರೂ ಕೂಡಿ ನನ್ನ ಕರಗಸಾಕತ್ತೀರಿ," ಎಂದು ಮುಳ್ಳು ನೋಡಿ ಹಲ್ಲು ಕಡಿಯುತ್ತಿದ್ದರು.

ಆ ಸಿಟ್ಟೆಲ್ಲ ಊಟದ ಹೊತ್ತಿಗೆ ಹೊರಬೀಳುತ್ತಿತ್ತು. "ಇದೇನ ಪಲ್ಯಾನೋ, ಎಮ್ಮಿ ಬಿಟ್ಟ ಹುಲ್ಲೋ?" ಎಂಬ ಕೂಗು, ಹಿಂದೆಯೇ ಸ್ಟೀಲಿನ ತಾಟು ಫರಸಿ ನೆಲದ ಮೇಲೆ ತಿರುಗುವ ಸದ್ದು. ಒಂದು ದಿನ ಕುದಿಯುವ ಸಾರಿನ ಪಾತೇಲಿಯನ್ನೇ ಒದ್ದರು. ಕಾಕುನ ಮುಂಗೈಯಿಂದ ಮೊಣಕೈವರೆಗೆ ಚರ್ಮ ಎದ್ದು ಬಂತು. ಮತ್ತೊಂದು ದಿನ ಕೂದಲು ಹಿಡಿದು ಮುಖವನ್ನು ತಾಟಿನೊಳಗೆ ಒತ್ತಿ, "ತಿನ್ನು, ನೀ ತಿನ್ನು ಇದನ್ನ," ಎಂದರಂತೆ. ಮೂಗಿನ ಹೊಳ್ಳೆಯ ಹತ್ತಿರ ಮೂಗುತಿ ಹರಿದ ಗಾಯಕ್ಕೆ ನಾನು ಮುಲಾಮು ಹಚ್ಚಿದೆ.

"ಲಿಂಬಿಹಣ್ಣು ಹಿಂಡ್ರಿ ಕಾಕು. ಬಳ್ಳೊಳ್ಳಿ ಹುರದು ಹಾಕ್ರಿ, ಉಪ್ಪಿಲ್ಲದ್ದು ಗೊತ್ತಾಗೂದಿಲ್ಲ."

"ಹಿಂಡಿದ್ನೆವಾ. ಅದನ್ನೂ ಮಾರಿಗೇ ಒಗದ್ರು. ಕಣ್ಣ ಉರದ್ವು. ರುಚಿ ಮಾತ್ರ ಛಲೋ ಇತ್ತು."

ಒಮ್ಮೆ ಧೈರ್ಯ ಮಾಡಿ ಉಸ್ತಾದರಿಗೇ ಹೇಳಿದೆ, ಉಪ್ಪು ಬಿಡಿಸಿದ್ದು ಡಾಕ್ಟರು, ಕಾಕು ಅಲ್ಲ ಎಂದು. "ನೀ ಕಾನ್ವೆಂಟ್ ಓದಿದಾಕಿ. ಕಾಗದ ಓದು. ನನ್ನ ಅಡಗಿಮನಿ ಓದಬ್ಯಾಡ," ಎಂದರು. ನಾನು ವಹಿಯಲ್ಲಿ ಎಂಬತ್ತಾರು ಎಂದು ಬರೆದು, ಬಾಗಿಲನ್ನು ಮೆಲ್ಲಗೆ ಹಾಕಿಕೊಂಡು ಬಂದೆ. ನಾನು ಬೇಡವೆಂದ ಒಂದೊಂದು ಚಿಟಿಕೆ ಉಪ್ಪಿಗೂ ಆ ಸಣ್ಣ ಮೈಮೇಲೆ ಒಂದೊಂದು ಗುರುತು ಬೀಳುತ್ತಿತ್ತು. ಗೊತ್ತಿದ್ದೂ ಮರುದಿನ ಅದನ್ನೇ ಹೇಳುತ್ತಿದ್ದೆ. ಹೇಳದಿದ್ದರೆ ಆ ಮನುಷ್ಯ ಸಾಯುತ್ತಿದ್ದರು.

ನಾಗರ ಪಂಚಮಿ ಹತ್ತಿರ ಬಂದಾಗ ಗೋಡೆಯಾಚೆ ಸದ್ದು ನಿಂತಿತು.

ಮೊದಲ ದಿನ ನಂಬಲಿಲ್ಲ. ಮೂರನೆಯ ದಿನ ಅತ್ತೆಯವರು ರೇಡಿಯೋ ಸಣ್ಣಗೆ ಮಾಡಿ, "ಏನವಾ, ಊರಿಗೆ ಹೋಗ್ಯಾರೇನು?" ಎಂದರು. ನಾನು ಮಧ್ಯಾಹ್ನ ನಿಶ್ಚಿಂತೆಯಿಂದ ಮಲಗತೊಡಗಿದೆ. ಕಾಕುನ ತೋಳಿನ ನೀಲಿ ಹಳದಿಗೆ ತಿರುಗಿ ಮಾಸಿತು. ಹಸಿರು ಬಳೆ ತೊಟ್ಟರು. ತೂಕ ಎಂಬತ್ತಾರೂವರೆ ಆಯಿತು, ಎಂಬತ್ತೇಳಾಯಿತು, ಎಂಬತ್ತೆಂಟಾಯಿತು. ಒಂದೇ ಸಲಕ್ಕೆ ಎರಡು ಕಿಲೋ ಏರಿರಲಿಲ್ಲವಲ್ಲ… ಊಟ ಚೆನ್ನಾಗಿ ಸೇರುತ್ತಿರಬೇಕು ಎಂದುಕೊಂಡೆ. ಖರೇ ಹೇಳಬೇಕೆಂದರೆ, ಹಾಗೆ ಅಂದುಕೊಳ್ಳುವುದು ನನಗೂ ಬೇಕಾಗಿತ್ತು.

ಶಿಷ್ಯರಿಗಂತೂ ಹಬ್ಬಕ್ಕೆ ಮೊದಲೇ ಹಬ್ಬ. "ಉಸ್ತಾದ ಮತ್ತ ಮೈ ಹಿಡದಾರ್ರಿ!" ಎಂದು ಓಣಿಯೆಲ್ಲ ಸಾರಿದರು. ಕಳೆ ತುಂಬಿದ ಮುಖ ಎಂದು ಅವರು ತಿಳಿದದ್ದು ಬಾವು. ಪಂಚಮಿಯ ದಿನ ಗರಡಿಗೆ ಹೊಸ ಮಣ್ಣು ಹಾಕಿ, ಎಣ್ಣೆ ಮಜ್ಜಿಗೆ ಸುರಿದು, ಉಸ್ತಾದರ ಕೈಯಿಂದಲೇ ಪೂಜೆ ಮಾಡಿಸಿದರು. ಹಾರ ಹಾಕಿ ಕುರ್ಚಿಯಲ್ಲಿ ಎತ್ತಿ ಮೆರೆಸಿದರು. ಹಲಗೆ ಬಾರಿಸಿದರು. ಆ ಕೆಂಪು ಮಣ್ಣು ಹತ್ತಿದ ಪಾದವನ್ನು ಎರಡು ದಿನ ತೊಳೆಯಲು ಬಿಡಲಿಲ್ಲವಂತೆ. ಅದೇ ಕಾಲಿನಲ್ಲಿ ಮಷೀನಿನ ಮೇಲೆ ನಿಂತರು. ತೊಂಬತ್ತೊಂದು.

ಅವರು ಮಂಚದ ಮೇಲೆ ಕೂತ ಮೇಲೆ ನಾನು ಮೆಲ್ಲಗೆ ಅವರ ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿದೆ. ತೆಗೆದರೂ ಗುಳಿ ಹಾಗೆಯೇ ಉಳಿಯಿತು. ಹಿಟ್ಟಿನ ಮುದ್ದೆಗೆ ಒತ್ತಿದ ಹಾಗೆ.

ಎದ್ದು ಅಡುಗೆ ಮನೆಗೆ ಹೋದೆ. ಕಾಕು ರೊಟ್ಟಿ ಬಡಿಯುತ್ತಿದ್ದರು. ಒಲೆಯ ಪಕ್ಕದ ಪುಂಡಿಪಲ್ಯವನ್ನು ಬೆರಳಿನಲ್ಲಿ ತೆಗೆದು ನಾಲಿಗೆಗೆ ಹಚ್ಚಿಕೊಂಡೆ. ನಮ್ಮ ಮನೆಯ ಪಲ್ಯಕ್ಕಿಂತ ಉಪ್ಪು ಹೆಚ್ಚಿತ್ತು.

"ಕಾಕು… ಇದೇನ್ರಿ ಇದು? ಮೂರ ಸಲ ಓದಿ ಹೇಳಿದ್ನೆಲ್ಲ. ಐದ ಕಿಲೋ ಏರೈತಿ."

ರೊಟ್ಟಿ ಬಡಿಯುವ ಕೈ ನಿಲ್ಲಲಿಲ್ಲ. "ಹದಿನೈದ ದಿನಾ ಆತು ನೋಡು, ನನ್ನ ಮ್ಯಾಲ ಕೈ ಎತ್ತಿಲ್ಲ," ಎಂದರು. ರೊಟ್ಟಿಯನ್ನು ಹಂಚಿಗೆ ಹಾಕಿ ನನ್ನ ಕಡೆ ತಿರುಗಿದರು. "ಅಷ್ಟೆಲ್ಲ ಗೆರಿ ಹೊಡದೀಯಲ್ಲವ್ವಾ ವಹ್ಯಾಗ. ಅದನ್ನ ಬರಿಯಾಕ ಒಂದ ಖಾನಿ ಐತೇನು?"

ಹೊರಗೆ ಬಂದು ಉಸ್ತಾದರಿಗೆ, "ಕಾಕಾ, ಈಗಿಂದೀಗ ದವಾಖಾನಿಗೆ ಹೋಗೂಣ್ರಿ," ಎಂದೆ.

"ಮೊನ್ನೆ ಊರ ಮಂದಿಯೆಲ್ಲಾ ನನ್ನ ಮೈ ನೋಡಿ ಕೈಮುಗದಾರ," ಎಂದರು. ಎರಡು ಮಾತಿಗೊಮ್ಮೆ ಉಸಿರು ಎಳೆಯುತ್ತಿದ್ದರು. "ನೀ ನನಗ ರೋಗಿ ಅಂತಿ?"

ಬಗ್ಗಿ ಮಷೀನನ್ನು ಎರಡೂ ಕೈಯಲ್ಲಿ ಹಿಡಿದು ತಲೆಯ ಮೇಲೆ ಎತ್ತಿದರು. ನನ್ನ ಮೇಲೆ ಒಗೆಯಲು. ನಾನು ಓಡಲಿಲ್ಲ. ವಹಿಯನ್ನು ಎದೆಗೆ ಹಿಡಿದುಕೊಂಡೆ, ಶಾಲೆಯಲ್ಲಿ ಪ್ರಾರ್ಥನೆಗೆ ನಿಂತ ಹಾಗೆ. ಆದರೆ ಕೈಗಳು ಮೇಲೆಯೇ ನಡುಗಿದವು. ಮಷೀನು ಜಾರಿ ಅವರ ಹೆಗಲಿಗೇ ಬಡಿದು ಫರಸಿಗೆ ಬಿತ್ತು, ಗಾಜು ಸೀಳಿತು. ಉಸ್ತಾದರು ಮೊಣಕಾಲಿನ ಮೇಲೆ ಕುಸಿದರು. ತುಟಿಯ ಮೂಲೆಯಲ್ಲಿ ನೊರೆ. ಎದೆಯೊಳಗಿಂದ ಹುಕ್ಕಾ ಎಳೆದಂಥ ಗುಳಗುಳ ಸದ್ದು.

ಕಾಕು ಅಡುಗೆ ಮನೆಯ ಬಾಗಿಲಲ್ಲಿ ಹಿಟ್ಟಿನ ಕೈಯಲ್ಲಿ ನಿಂತಿದ್ದರು.

"ಅಂದ್ರ," ಎಂದರು ನಿಧಾನವಾಗಿ, "ಇಷ್ಟ ದಿನಾ ಕೈ ಎತ್ತಾಕ ಶಕ್ತಿನ ಇರಲಿಲ್ಲ."

ಅವರು ಕದಲಲಿಲ್ಲ. ಎಷ್ಟು ಹೊತ್ತೋ… ಬಹಳವೇನೂ ಇರಲಿಕ್ಕಿಲ್ಲ. ಹಂಚಿನ ಮೇಲೆ ರೊಟ್ಟಿ ಸೀದ ವಾಸನೆ ಬಂತು. "ಕಾಕೂ!" ಎಂದು ಚೀರಿದೆ. ಅಂಥ ದನಿ ನನ್ನೊಳಗಿದೆ ಎಂದು ನನಗೇ ಗೊತ್ತಿರಲಿಲ್ಲ. ಆಗ ಬಂದು, ಹಿಂದಿನಿಂದ ಎರಡೂ ತೋಳು ಹಾಕಿ, ಆ ದೊಡ್ಡ ಮೈಯನ್ನು ಎತ್ತಿ ಕೂರಿಸಿ ಹಿಡಿದರು. ನಾನು ಗರಡಿಯ ಕಡೆ ಓಡಿದೆ.

ದವಾಖಾನೆಯಲ್ಲಿ ಡಾಕ್ಟರು ವಹಿಯನ್ನು ತಿರುವಿ ನೋಡಿ, "ಇಷ್ಟು ಚಲೋ ಬರದೀರಿ. ಉಪ್ಪು ಕೊಟ್ಟವರಾರು?" ಎಂದರು. ಕಾಕು ನನ್ನ ಮುಖ ನೋಡಿದರು. ಬೇಡಿಕೊಳ್ಳುವ ನೋಟವಲ್ಲ ಅದು, ಸುಮ್ಮನೆ ನೋಡಿದರು.

"ಹಬ್ಬ ಇತ್ತಲ್ರಿ ಡಾಕ್ಟರ್. ಗರಡಿಯವರು ಚಕ್ಕಲಿ, ಹಪ್ಪಳ ತಂದುಕೊಟ್ಟಿದ್ರು," ಎಂದೆ.

ಡಾಕ್ಟರು ಹೊರಗೆ ಹೋಗಿ ಆ ಶಿಷ್ಯರನ್ನು ಬೈದರು. ಅಷ್ಟು ದಪ್ಪ ಕುತ್ತಿಗೆಯ ಗಂಡಸರು ತಲೆ ತಗ್ಗಿಸಿ ನಿಂತರು. ಒಬ್ಬ ಅತ್ತುಬಿಟ್ಟ. ನಾನು ಕಿಟಕಿಯಾಚೆ ನೋಡುತ್ತ ನಿಂತೆ. ಆ ಸುಳ್ಳನ್ನು ನಾನಾಗಿ ಇವತ್ತಿನವರೆಗೆ ಯಾರ ಮುಂದೆಯೂ ಬಿಚ್ಚಿರಲಿಲ್ಲ.

ಇಂಜೆಕ್ಷನ್ನಿಗೆ ನೀರು ಇಳಿಯಿತು. ದಿನಾ ಸಂಜೆ ಕಾಕು, "ಎಷ್ಟ ಇಳದೈತಿ?" ಎಂದು ಕೇಳುತ್ತಿದ್ದರು. ನಾಲ್ಕು ಕಿಲೋ ಇಳಿದ ದಿನ ಡಾಕ್ಟರನ್ನೇ ಕೇಳಿದರು. "ಇನ್ನ ಕೈಯಾಗ ಶಕ್ತಿ ಬರತೈತೇನ್ರಿ?"

"ಬರದೇನಮ್ಮಾ! ಗುಳಿಗೆ ಬಿಡದ ಕೊಟ್ರ, ಉಪ್ಪು ಮುಟ್ಟಿಸದಿದ್ರ, ಮೊದಲಿನ ಹಂಗ ಓಡಾಡ್ತಾರ," ಎಂದರು ಡಾಕ್ಟರು ಸಂತೋಷದಿಂದ. ಕಾಕು ಹೂಂ ಎಂದು ತಲೆಯಾಡಿಸಿದರು.

ಶಕ್ತಿ ಬಂತು. ಮನೆಗೆ ಬಂದ ನಾಲ್ಕನೆಯ ದಿನವೇ ಗೋಡೆಯಾಚೆ ಮೊಳಗದ ಸದ್ದು ಕೇಳಿತು. ಅತ್ತೆಯವರ ಕೈ ರೇಡಿಯೋದತ್ತ ಹೋಯಿತು. ನಾನು ಅದನ್ನು ಪೂರಾ ಬಂದ್ ಮಾಡಿ ಆಚೆ ಮನೆಗೆ ಹೋದೆ.

ತಂಬಿಗೆ ಮೂಲೆಯಲ್ಲಿ ಬಿದ್ದಿತ್ತು. ಕಾಕುನ ಹುಬ್ಬು ಒಡೆದು ರಕ್ತ ಕೆನ್ನೆಯ ಮೇಲೆ ಹರಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ಒಳಗೆ ಹೋಗಿ ಉಪ್ಪಿನ ಭರಣಿ ತಂದರು. ಗಾಜು ಸೀಳಿದ ಮಷೀನನ್ನು ಕಾಲಿನಿಂದ ಉಸ್ತಾದರ ಮುಂದೆ ಸರಿಸಿ, ಅದರ ಮೇಲೆ ಭರಣಿ ಇಟ್ಟರು. ಮುಳ್ಳು ಅಲುಗಿತು.

"ಹ್ವಾದ ಸಲ ಐದ ಕಿಲೋ ಏರಿದ್ದು ಇದರಿಂದ. ಗರಡಿಯವರು ಏನೂ ಕೊಟ್ಟಿಲ್ಲ, ಹಾಕಿದಾಕಿ ನಾನು. ಇಕಿ ಮೂರ ಸಲ ಓದಿ ಹೇಳಿದ್ಲು. ಗೊತ್ತಿದ್ದ ಹಾಕೇನಿ." ದನಿ ಏರಲಿಲ್ಲ. "ಇನ್ನೊಮ್ಮೆ ಕೈ ಎತ್ತ್ರಿ. ಕೇಳಿದಷ್ಟು ಹಾಕತೇನಿ. ಕೇಳದಿದ್ರೂ ಹಾಕತೇನಿ. ಹೊರಗ ಎಲ್ಲಿ ಉಣ್ತೀರಿ? ಯಾರ ಮನಿ ಪಲ್ಯಾದಾಗ ಉಪ್ಪಿಲ್ಲ?"

ಉಸ್ತಾದರು ಎದ್ದು ಬಂದೇ ಬರುತ್ತಾರೆ, ಕುತ್ತಿಗೆ ಹಿಸುಕುತ್ತಾರೆ ಎಂದುಕೊಂಡೆ. ಅವರು ಭರಣಿ ನೋಡಿದರು, ಹೆಂಡತಿಯ ಮುಖ ನೋಡಿದರು. ಹಾಕಿದ ಪಟ್ಟು ಬಿಡಿಸಿಕೊಳ್ಳಲು ಬರುತ್ತದೋ ಇಲ್ಲವೋ ಎಂದು ಲೆಕ್ಕ ಹಾಕುವುದರಲ್ಲೇ ಆಯುಷ್ಯ ಕಳೆದವರು. ಕೊನೆಗೆ ಬಗ್ಗಿ, ನೆಲದ ಮೇಲೆ ಬಿದ್ದ ರೊಟ್ಟಿ ಎತ್ತಿಕೊಂಡು, ಉಪ್ಪಿಲ್ಲದ ಪಲ್ಯ ಹಚ್ಚಿ ತಿಂದರು. ದವಡೆ ಆಡುವ ಸದ್ದು ಮಾತ್ರ ಕೇಳುತ್ತಿತ್ತು.

ಆಮೇಲೆ ಮೂರು ವರ್ಷ ಬದುಕಿದರು. ತೂಕ ಎಂಬತ್ತೈದು ಎಂಬತ್ತೇಳರ ನಡುವೆ ನಿಂತೇಬಿಟ್ಟಿತು. ಡಾಕ್ಟರು ನನ್ನ ವಹಿಯನ್ನು ಬೇರೆ ರೋಗಿಗಳಿಗೆ ತೋರಿಸಿ, ಹೀಗಿರಬೇಕು ನೋಡ್ರಿ ಎನ್ನುತ್ತಿದ್ದರು. ಒಮ್ಮೆ ನಾನಿದ್ದಾಗಲೇ ಸಿಟ್ಟಿನಲ್ಲಿ ಉಸ್ತಾದರ ಕೈ ಮೇಲೆ ಹೋಯಿತು. ಕಾಕು ಗೋಡೆಯೊಳಗಿನ ಮಾಡದತ್ತ ನೋಡಿದರು, ಭರಣಿ ಅಲ್ಲಿತ್ತು. ಆ ಕೈ ಹೋಗಿ ತಲೆ ಕೆರೆಯಿತು. ಅವರಿಬ್ಬರ ನಡುವೆ ಪ್ರೀತಿ ಹುಟ್ಟಿತೆಂದು ನಾನು ಹೇಳಲಾರೆ. ಉಸ್ತಾದರು ಒಂದು ಮುಂಜಾನೆ ಗರಡಿಯ ಎರಡನೆಯ ಮೆಟ್ಟಿಲ ಮೇಲೆ ಕೂತವರು ಏಳಲಿಲ್ಲ. ಕಾಕು ಎದೆ ಬಡಿದುಕೊಂಡು ಅತ್ತರು. ಗೋಡೆಗೆ ಹಣೆ ಬಡಿದುಕೊಳ್ಳುವುದನ್ನು ಬಿಡಿಸಲು ಇಬ್ಬರು ಬೇಕಾದರು. ಆ ಸದ್ದೂ ನನಗೆ ಗುರುತಿನದೇ ಆಗಿತ್ತು…

ಒಬ್ಬರೇ ಉಳಿದ ಮೇಲೂ ಕಾಕು ಉಪ್ಪಿಲ್ಲದೆ ಉಣ್ಣುತ್ತಿದ್ದರು. ಕೇಳಿದರೆ, "ನಾಲಿಗಿ ಮರತೈತವಾ," ಎನ್ನುತ್ತಿದ್ದರು. ಅಷ್ಟೇ ಇರಬಹುದು. ಇಲ್ಲದಿರಲೂಬಹುದು. ತೂಕದ ಮಷೀನನ್ನು ನನಗೆ ಕೊಟ್ಟು, ಕಣ್ಣಿಗೆ ಬೀಳದಲ್ಲಿ ಇಡು ಎಂದರು. ಅವರ ಕೊನೆಯ ವಾರ ನಾನೇ ಗಂಜಿ ಕುಡಿಸುತ್ತಿದ್ದೆ. ಒಂದು ಮಧ್ಯಾಹ್ನ ಚಮಚ ತಡೆದು, "ಒಂದ ಚಿಟಿಕಿ ಉಪ್ಪು ಹಾಕವ್ವಾ," ಎಂದರು. ಹಾಕಿದೆ. ಬಾಯಲ್ಲಿ ಬಹಳ ಹೊತ್ತು ಇಟ್ಟುಕೊಂಡರು. ಕಣ್ಣಿನ ಮೂಲೆಯಿಂದ ನೀರು ಕಿವಿಯ ಕಡೆ ಇಳಿಯಿತು.

"ಇಷ್ಟ ಏನು ಇದ್ದದ್ದು?" ಎಂದರು.

ಬಣ್ಣದವನು ಹತ್ತಿರ ಬಂದು, "ಅಕ್ಕಾರ, ಗಾಜ ಒಡದೈತಿ, ಒಗದ ಬಿಡ್ಲೇನ್ರಿ?" ಎಂದು ಕೇಳಿದ. ನಾನು ಚಪ್ಪಲಿ ಬಿಟ್ಟು ಮಷೀನಿನ ಮೇಲೆ ಹತ್ತಿ ನಿಂತೆ. ಸೀಳಿದ ಗಾಜಿನ ಕೆಳಗೆ ಮುಳ್ಳು ಎತ್ತಲೋ ಹೋಗಿ ನಿಂತಿತು. ಪಕ್ಕದ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಗೋಡೆಯಾಚೆಯಿಂದ ಏನೂ ಕೇಳಿಸುವುದಿಲ್ಲ. ಆದರೂ ಮಧ್ಯಾಹ್ನ ಕೆಲಸ ಮುಗಿಸಿ ಕೂತಾಗ ನನ್ನ ಕಿವಿ ಅತ್ತಲೇ ಇರುತ್ತದೆ. ರೊಟ್ಟಿ ಬಡಿಯುವ ಸಪ್ಪಳವೊಂದು ಈಗ ಬರುತ್ತದೆ, ಈಗ ಬರುತ್ತದೆ ಎಂದು…